ಮಾತು ಬಾರದವರ ಹಕ್ಕು

ಪುಣ್ಯಕೋಟಿಯ ಕಥೆ ಕೇಳಿ ಕಣ್ಣು ಒದ್ದೆಯಾಗದ ಬಾಲ್ಯ ನಮ್ಮಲ್ಲಿ ಕಡಿಮೆ. ಕರುವಿಗೆ ಹಾಲುಣಿಸಿ, ಕೊಟ್ಟ ಮಾತಿನಂತೆ ಆಕೆ ಹುಲಿಯ ಮುಂದೆ ಬಂದು ನಿಂತಳು. ಹಸಿದದ್ದೇ ತಪ್ಪೆಂಬಂತೆ ಹುಲಿ ಪ್ರಾಣ ಬಿಟ್ಟಿತು. ದೊಡ್ಡವನಾದ ಮೇಲೆ ನನ್ನನ್ನು ಬೇರೊಂದು ಪ್ರಶ್ನೆ ಕಾಡತೊಡಗಿತು. ಪುಣ್ಯಕೋಟಿಗೆ ಮಾತೇ ಬಾರದಿದ್ದರೆ? ಆಕೆ ಮಾತಿಗೆ ತಪ್ಪಿ ಕರುವಿನ ಪಕ್ಕದಲ್ಲೇ ಉಳಿದಿದ್ದರೆ, ಆ ಜೀವದ ಬೆಲೆ ಕಡಿಮೆಯಾಗುತ್ತಿತ್ತೇ?

ನಿಯತ್ತಿನ ನಾಯಿ, ಸತ್ಯವಂತೆ ಹಸು ಎಂದು ನಾವು ಹೊಗಳುವುದು ಅವುಗಳಲ್ಲಿ ನಮ್ಮದೇ ಗುಣ ಕಂಡಾಗ. ಆದರೆ ಹಕ್ಕು ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ. ಕರ್ತವ್ಯ ಅರಿಯದ ಪ್ರಾಣಿಗೆ ಹಕ್ಕೆಲ್ಲಿಯದು ಎಂದು ಕೇಳುವವರಿದ್ದಾರೆ. ತೊಟ್ಟಿಲ ಕೂಸಿಗೂ ಕರ್ತವ್ಯ ತಿಳಿಯದು. ಹಾಗೆಂದು ಅದರ ಹಕ್ಕನ್ನು ಯಾರೂ ಅಲ್ಲಗಳೆಯುವುದಿಲ್ಲ. ಇಂಗ್ಲೆಂಡಿನ ದಾರ್ಶನಿಕ ಜೆರೆಮಿ ಬೆಂಥಮ್ 1789ರಲ್ಲೇ ಬುದ್ಧಿ, ಮಾತು ಎರಡನ್ನೂ ಬದಿಗಿಟ್ಟು, ನೋವು ಉಣ್ಣುವ ಶಕ್ತಿಯನ್ನೇ ಅಳತೆಗೋಲಾಗಿ ಹಿಡಿದ.

ನಮ್ಮ ಕಾನೂನು ಇನ್ನೂ ಈ ಪ್ರಶ್ನೆಯ ಹೊಸ್ತಿಲಲ್ಲಿದೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡಬಾರದೆನ್ನುವ ಕಾಯ್ದೆ ಬಂದದ್ದು 1960ರಲ್ಲಿ. 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಯ ಬದುಕಿಗೂ ತನ್ನದೇ ಘನತೆಯಿದೆ ಎಂದಿತು. 2023ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ, ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನು ಎತ್ತಿಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎಂದು ಒಪ್ಪಲು ಮುಂದಾಗಲಿಲ್ಲ.

ಕಂಬಳದ ಗದ್ದೆಯಲ್ಲಿ ಕೆಸರು ಚಿಮ್ಮುವಾಗ ನನಗೂ ಮೈ ನವಿರೇಳುತ್ತದೆ. ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕುವವರ ಪ್ರೀತಿಯೂ ಸುಳ್ಳಲ್ಲ. ಆದರೂ ಆ ಪ್ರೀತಿ ಒಂದು ಮಾತನ್ನು ಕೇಳುವುದಿಲ್ಲ: ಇವತ್ತು ನಿನಗೆ ಓಡಲು ಮನಸ್ಸಿದೆಯೇ?

ದಯೆಗೂ ಹಕ್ಕಿಗೂ ಇರುವ ಅಂತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ದಯೆ ನಮ್ಮ ಮನಸ್ಸಿನ ಹದವನ್ನು ನಂಬಿಕೊಂಡಿರುತ್ತದೆ. ಇಂದು ಉಕ್ಕಿದ್ದು ಪಂದ್ಯ ಸೋತ ದಿನ ಬತ್ತಬಹುದು. ನಮ್ಮ ಪ್ರೀತಿ ಬತ್ತಿದ ದಿನವೂ ದಾಟಬಾರದ ಗೆರೆಯೊಂದು ಉಳಿದರೆ, ಅದು ಹಕ್ಕು. ಆ ಗೆರೆ ಎಲ್ಲಿ ಎಂದು ತೀರ್ಮಾನಿಸುವುದು ಸುಲಭವಲ್ಲ. ಅನ್ನ, ಉಳುಮೆ, ಔಷಧ ಎಲ್ಲದರಲ್ಲೂ ನಾವು ಪ್ರಾಣಿಗಳ ಋಣದಲ್ಲಿದ್ದೇವೆ. ಆದರೆ ಕಾಲೂರಿ ನಿಂತು ತಲೆ ಕೊಡವುವ ಕೋಣ ಏನನ್ನೋ ಹೇಳುತ್ತಿದೆ. ಅದು ಪುಣ್ಯಕೋಟಿಯಂತೆ ಕನ್ನಡದಲ್ಲಿ ಹೇಳಲೆಂದು ನಾವು ಕಾಯಬೇಕಾಗಿಲ್ಲ.