ವಿಯೆನ್ನಾದ ಮರುದಿನ

ಫ್ರೆಂಚ್ ನಿರ್ದೇಶಕ ಒಲಿವಿಯೆ ಅಸ್ಸಾಯಾಸ್ 2010ರಲ್ಲಿ ತೆಗೆದ ‘ಕಾರ್ಲೋಸ್’ ಐದೂವರೆ ಗಂಟೆಯ ಚಿತ್ರ. ಟಿ.ವಿ.ಗೆಂದು ಮೂರು ಭಾಗಗಳಲ್ಲಿ ತಯಾರಾದದ್ದು. ಕಾನ್ ಚಿತ್ರೋತ್ಸವದಲ್ಲಿ ಇಡಿಯಾಗಿ ತೆರೆ ಕಂಡಿತು. ಕೊಲೆಗಡುಕನೊಬ್ಬನ ಬದುಕಿಗೆ ಇಷ್ಟೊಂದು ಹೊತ್ತು ಯಾಕೆ ಎಂಬ ಪ್ರಶ್ನೆ ನೋಡುವ ಮೊದಲೇ ಏಳುತ್ತದೆ. ನೋಡಿ ಮುಗಿಸಿದ ಮೇಲೆ ಅನಿಸುವುದೇ ಬೇರೆ: ಚಿಕ್ಕದಾಗಿದ್ದರೆ ಈ ಚಿತ್ರ ಅವನ ಪಕ್ಷ ವಹಿಸಿಬಿಡುತ್ತಿತ್ತು.

ಕಾರ್ಲೋಸ್‌ನ ನಿಜ ಹೆಸರು ಇಲಿಚ್ ರಮಿರೆಸ್ ಸಾಂಚೆಸ್. ಹುಟ್ಟಿದ್ದು 1949ರಲ್ಲಿ, ವೆನೆಜುವೆಲಾದಲ್ಲಿ. ತಂದೆ ಕಟ್ಟಾ ಮಾರ್ಕ್ಸ್‌ವಾದಿ ವಕೀಲ; ಮೂವರು ಗಂಡುಮಕ್ಕಳಿಗೆ ವ್ಲಾದಿಮಿರ್, ಇಲಿಚ್, ಲೆನಿನ್ ಎಂದು ಒಬ್ಬನೇ ನಾಯಕನ ಹೆಸರನ್ನು ಮೂರು ಪಾಲು ಮಾಡಿ ಹಂಚಿದವರು. ಮಗ ಮಾಸ್ಕೋದ ಲುಮುಂಬಾ ವಿಶ್ವವಿದ್ಯಾಲಯ ಸೇರಿ, ಅಲ್ಲಿಂದ ಹೊರದಬ್ಬಿಸಿಕೊಂಡು, ಪ್ಯಾಲೆಸ್ಟೀನ್ ಹೋರಾಟದ ಬಂದೂಕಿನ ಹಾದಿ ಹಿಡಿದ. ಜೀವನಚಿತ್ರ ಬರೆಯುವವರಿಗೆ ಹಬ್ಬದೂಟದಂಥ ಸಾಮಗ್ರಿ ಇದು. ಅಸ್ಸಾಯಾಸ್ ಅದನ್ನು ಕಥೆಯಾಗಿಸುವುದೇ ಇಲ್ಲ. ಚಿತ್ರ ಶುರುವಾಗುವುದು 1973ರ ಪ್ಯಾರಿಸ್‌ನಲ್ಲಿ, ಬೌದಿಯಾ ಎಂಬ ಪ್ಯಾಲೆಸ್ಟೀನ್ ಪರ ಸಂಘಟಕ ಕಾರ್ ಬಾಂಬಿಗೆ ಬಲಿಯಾಗುವುದರೊಂದಿಗೆ. ತೆರವಾದ ಜಾಗಕ್ಕೆ ಕೆಲಸ ಕೇಳಿಕೊಂಡು ಬರುವ ಕಾರ್ಲೋಸ್ ಆಗಲೇ ಬೆಳೆದು ನಿಂತವನು.

ನದೀಮೂಲ, ಋಷಿಮೂಲ ಕೇಳಬಾರದು ಎನ್ನುವ ನಾವು ಪಾತಕಿಯ ಮೂಲವನ್ನು ಮಾತ್ರ ಕೆದಕದೆ ಬಿಡುವುದಿಲ್ಲ. ಬಾಲ್ಯದಲ್ಲೊಂದು ಗಾಯ ಸಿಕ್ಕರೆ ನಮಗೆ ಸಮಾಧಾನ: ಅವನಿಗೆ ಹಾಗಾಗಿತ್ತು, ಅದಕ್ಕೇ ಹೀಗಾದ, ನಮಗೆ ಹಾಗಾಗಿಲ್ಲ, ನಾವು ಹೀಗಾಗುವುದಿಲ್ಲ. ಚಿತ್ರ ಆ ಸಮಾಧಾನ ಕೊಡುವುದಿಲ್ಲ. ಬದಲಿಗೆ ಒಂದು ಕನ್ನಡಿ ತೋರಿಸುತ್ತದೆ. ಸ್ನಾನ ಮುಗಿಸಿ ಬೆತ್ತಲೆ ನಿಂತ ಯುವಕ ತನ್ನ ಮೈಯನ್ನು ತಾನೇ ನೋಡಿ ಹಿಗ್ಗುತ್ತಾನೆ. ಹಿಂಸೆಗೆ ಯಾವಾಗಲೂ ಆಳವಾದ ಬೇರು ಇರಲೇಬೇಕೇ? ತನ್ನ ಮೇಲೆ ತನಗಿರುವ ಮೋಹ, ಕೈಗೆಟಕುವ ಒಂದು ಸಿದ್ಧಾಂತ, ನೋಡಲು ನಾಲ್ಕು ಜನ—ಕೆಲವೊಮ್ಮೆ ಇಷ್ಟೇ ಸಾಕೇನೋ.

ನೋಡುವವರಿಗೆ ಕೊರತೆಯಿರಲಿಲ್ಲ. 1975ರ ಡಿಸೆಂಬರ್ 21ರಂದು ಐವರು ಸಂಗಡಿಗರೊಂದಿಗೆ ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ವಿಯೆನ್ನಾ ಕಚೇರಿಗೆ ನುಗ್ಗಿ, ತೈಲ ಮಂತ್ರಿಗಳೂ ಸೇರಿ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಒತ್ತೆಯಿಟ್ಟುಕೊಂಡಾಗ ಅವನ ತಲೆಯ ಮೇಲೆ ಚೆ ಗೆವಾರನನ್ನು ನೆನಪಿಸುವ ಬೆರೆಟ್ ಟೋಪಿ. ಫೋರ್ಸಿತ್ ಕಾದಂಬರಿಯಿಂದ ‘ಜಾಕಲ್’ ಎಂಬ ಅಡ್ಡಹೆಸರು ಎತ್ತಿ ಪತ್ರಿಕೆಗಳು ಆಗಲೇ ಅವನಿಗೆ ತೊಡಿಸಿಯಾಗಿತ್ತು. ಸಾಮಾನ್ಯ ಥ್ರಿಲ್ಲರ್ ಈ ಉತ್ಕರ್ಷದಲ್ಲೇ ಮುಗಿಯುತ್ತಿತ್ತು. ಅಸ್ಸಾಯಾಸ್ ವಿಮಾನ ಹತ್ತಿ ಕೂತುಬಿಡುತ್ತಾರೆ. ಸೌದಿ ಮತ್ತು ಇರಾನ್ ಮಂತ್ರಿಗಳನ್ನು ಕೊಲ್ಲಬೇಕೆಂದು ಅಪ್ಪಣೆ. ಆದರೆ ಸಿಕ್ಕ ಡಿಸಿ-9 ವಿಮಾನಕ್ಕೆ ಬಾಗ್ದಾದ್ ಮುಟ್ಟುವ ತಾಕತ್ತಿಲ್ಲ. ಅಲ್ಜೀರ್ಸ್, ಅಲ್ಲಿಂದ ಟ್ರಿಪೋಲಿ, ಮತ್ತೆ ಅಲ್ಜೀರ್ಸ್. ನಿದ್ದೆಗೆಟ್ಟ ಮುಖಗಳು, ಮುಗಿಯದ ಚೌಕಾಸಿ. ಹಣಕ್ಕೆ ಒಪ್ಪಿ ಮಂತ್ರಿಗಳನ್ನು ಬಿಟ್ಟು ಬಂದ ಕ್ರಾಂತಿಕಾರಿಯನ್ನು ದಾಳಿಗೆ ಕಳಿಸಿದ್ದ ಪ್ಯಾಲೆಸ್ಟೀನ್ ಗುಂಪಿನ ನಾಯಕ ವಾದಿ ಹದ್ದಾದ್ ಆ ಗುಂಪಿನಿಂದಲೇ ಆಚೆ ಹಾಕುತ್ತಾನೆ.

ಚಿತ್ರ ಇನ್ನೂ ಗಂಟೆಗಟ್ಟಲೆ ಬಾಕಿಯಿದೆ. ಉದ್ದ ತನ್ನ ಕೆಲಸ ಮಾಡುವುದೇ ಇಲ್ಲಿ. ಬುಡಾಪೆಸ್ಟ್, ಪೂರ್ವ ಬರ್ಲಿನ್, ಡಮಾಸ್ಕಸ್: ಬೇಕಾದಾಗ ಇಟ್ಟುಕೊಂಡವರು ಬೇಡವಾದಾಗ ಬಾಗಿಲು ತೋರಿಸುತ್ತಾರೆ. 1982ರಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದ ಸಂಗಾತಿಯನ್ನು ಬಿಡಿಸಿಕೊಳ್ಳಲು ಫ್ರಾನ್ಸಿನ ರೈಲಿನಲ್ಲಿ, ಬೀದಿಯಲ್ಲಿ ಬಾಂಬುಗಳು ಸಿಡಿಯುತ್ತವೆ. ಆ ರೈಲಿನಲ್ಲಿ ಸತ್ತ ಪ್ರಯಾಣಿಕರಿಗೂ ಪ್ಯಾಲೆಸ್ಟೀನಿಗೂ ಎಲ್ಲಿಯ ಸಂಬಂಧ? ಬರ್ಲಿನ್ ಗೋಡೆ ಬಿದ್ದ ಮೇಲಂತೂ ಅವನನ್ನು ಕೇಳುವವರೇ ಇಲ್ಲ. ನಟ ಎಡ್ಗರ್ ರಮಿರೆಸ್ ಪಾತ್ರಕ್ಕಾಗಿ ಮೈ ಬೆಳೆಸಿಕೊಂಡಿದ್ದಾರೆ. ತಾನೇ ಮೆಚ್ಚಿಕೊಂಡಿದ್ದ ದೇಹ ಬೊಜ್ಜು ತುಂಬಿ ಕೂತಿದೆ. 1994ರಲ್ಲಿ ಖಾರ್ಟೂಮ್‌ನಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದವನನ್ನು ಆಶ್ರಯ ಕೊಟ್ಟ ಸುಡಾನಿನವರೇ ಫ್ರಾನ್ಸಿಗೆ ಒಪ್ಪಿಸಿದರು. ದುರ್ಯೋಧನನಿಗೆ ಕೊನೆಗೆ ಭೀಮನ ಗದೆಯಾದರೂ ಸಿಕ್ಕಿತು. ಇವನಿಗೆ ಸಿಕ್ಕಿದ್ದು ಮತ್ತಿನ ಮದ್ದು.

ಭಯೋತ್ಪಾದಕ ಬಯಸುವುದು ಒಂದು ಗಳಿಗೆಯನ್ನು. ಜಗತ್ತೆಲ್ಲ ತನ್ನತ್ತ ತಿರುಗಿದ ಆ ಗಳಿಗೆಯ ಫೋಟೊದೊಳಗೆ ಅವನು ಎಂದೂ ಮುದುಕನಾಗುವುದಿಲ್ಲ. ಬದುಕಿಗಾದರೋ ಮರುದಿನವೆಂಬುದಿದೆ, ಅದರ ಮರುದಿನವೂ ಇದೆ. ಅಸ್ಸಾಯಾಸ್ ಹಿಡಿದದ್ದು ಅದನ್ನು. ಜೀವಾವಧಿ ಶಿಕ್ಷೆಯಲ್ಲಿರುವ ಕಾರ್ಲೋಸ್ ಚಿತ್ರದ ವಿರುದ್ಧ ಕೋರ್ಟಿಗೆ ಹೋಗಿ ಸೋತ. ವಿಯೆನ್ನಾದಲ್ಲಿ ನುಗ್ಗಿದವರನ್ನು ಕಿರುಚಾಡುವವರಂತೆ ತೋರಿಸಿದ್ದಾರೆ, ಅವರು ನುರಿತ ಕಮಾಂಡೋಗಳು ಎಂಬುದು ಅವನ ಆಕ್ಷೇಪಗಳಲ್ಲೊಂದು. ಅವನ ಚಿಂತೆ ಕಸುಬಿನ ಮರ್ಯಾದೆಯದು, ಅಲ್ಲಿ ಸತ್ತ ಮೂವರದಲ್ಲ.

ಆ ಮೂವರಲ್ಲಿ ಒಬ್ಬ ಆಸ್ಟ್ರಿಯಾದ ಪೊಲೀಸ್, ಒಬ್ಬ ಇರಾಕಿನ ಭದ್ರತಾ ಸಿಬ್ಬಂದಿ, ಇನ್ನೊಬ್ಬ ಲಿಬಿಯಾದ ಅರ್ಥಶಾಸ್ತ್ರಜ್ಞ. ತೆರೆಯ ಮೇಲೆ ಅವರಿಗೆ ಸಿಗುವುದು ಸಾಯಲು ಬೇಕಾದಷ್ಟು ಹೊತ್ತು ಮಾತ್ರ. ಕೊಂದವನ ಕಥೆಯನ್ನು ಎಷ್ಟೇ ನಿಷ್ಠುರವಾಗಿ ಹೇಳಿದರೂ ಅದು ಅವನ ಕಥೆಯೇ. ಐದೂವರೆ ಗಂಟೆ ಅವನ ಬಿಂಕವನ್ನು ಇಳಿಸಬಲ್ಲದು. ಸತ್ತವರ ನಾಳೆಗಳನ್ನು ತುಂಬಿಕೊಡಲಾರದು. ವಯಸ್ಸಾಗುವುದು, ಹೊಟ್ಟೆ ಬರುವುದು, ಯಾರಿಗೂ ಬೇಡವಾಗುವುದು—ಅವನ ಪಾಲಿಗೆ ಸೋಲಾಗಿ ಕಾಣುವ ಇವೆಲ್ಲ ಬದುಕಿ ಉಳಿದವರಿಗೆ ಮಾತ್ರ ಸಿಗುವಂಥವು. ಆ ಮೂವರಿಗೆ ಅವನ ತಂಡ ಅಷ್ಟನ್ನೂ ಉಳಿಸಲಿಲ್ಲ.