ಗ್ರಂಥಾಲಯದ ಬಾಗಿಲೂ ಅಧಿಕಾರಿಯ ಪ್ರಶ್ನೆಯೂ

ಅಮೆರಿಕಾ ದೇಶದ ಹೈಸ್ಕೂಲುಗಳಲ್ಲಿ 'ಸ್ಟಡಿ ಹಾಲ್' ಎಂಬ ಏರ್ಪಾಡೊಂದುಂಟು. ದಿನದ ಯಾವುದಾದರೊಂದು ಪೀರಿಯಡ್ಡಿನಲ್ಲಿ ಪಾಠವಿಲ್ಲದ ವಿದ್ಯಾರ್ಥಿಗಳನ್ನು ಒಂದು ಕೊಠಡಿಯಲ್ಲಿ ಕೂಡಿಸಿ, ಉಪಾಧ್ಯಾಯರೊಬ್ಬರ ಕಣ್ಗಾವಲಿನಲ್ಲಿ ಅವರವರ ಪಾಠವನ್ನು ತಾವೇ ಓದಿಕೊಳ್ಳುವಂತೆ ಮಾಡುವುದು ಇದರ ಉದ್ದೇಶ. ಅಲ್ಲಿ ಕುಳಿತವರಲ್ಲಿ ಕೆಲವರು ಶಾಲೆಯ ಗ್ರಂಥಾಲಯಕ್ಕೆ ಹೋಗಬಯಸುವರು. ಆಗ ಅವರ ಕೈಯಲ್ಲಿ 'ಪಾಸ್' ಎಂಬ ಚೀಟಿಯಿರಬೇಕು. ಯಾವ ಉಪಾಧ್ಯಾಯರು ಯಾವ ಕೆಲಸಕ್ಕಾಗಿ ಕಳುಹಿಸಿರುವರೆಂಬುದೂ ಆ ಚೀಟಿಯಲ್ಲಿ ಬರೆದಿರಬೇಕೆಂದು ಹಲವು ಶಾಲೆಗಳ ನಿಯಮ. ಈಚೆಗೆ ಕಾಗದಕ್ಕೆ ಬದಲಾಗಿ ಕಂಪ್ಯೂಟರಿನಲ್ಲಿ ದಾಖಲಾಗುವ ಪಾಸುಗಳೂ ಬಳಕೆಗೆ ಬಂದಿವೆ. ಉಪಕರಣವು ಬದಲಾದರೂ ಬಾಗಿಲಲ್ಲಿ ಕೇಳುವ ಪ್ರಶ್ನೆಯು ಬದಲಾಗಿಲ್ಲ: "ನೀನು ಏತಕ್ಕಾಗಿ ಬಂದೆ?"

ಮೇಲ್ನೋಟಕ್ಕೆ ಇದು ಶಾಲೆಯ ಆಡಳಿತಕ್ಕೆ ಸೇರಿದ ಅಲ್ಪ ವಿಷಯ. ಆದರೆ ಇದರೊಳಗೆ ಧರ್ಮವಿಚಾರಕ್ಕೆ ಸಂಬಂಧಿಸಿದ ಹಳೆಯ ಪ್ರಶ್ನೆಯೊಂದು ಅಡಗಿದೆ. ಭಾರತೀಯ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ವಿಚಾರಿಸುತ್ತಿದ್ದರು. ಇಲ್ಲಿಯೂ ಪ್ರಶ್ನೆಯು ಅದೇ. ಗ್ರಂಥಾಲಯವನ್ನು ಹೊಗಲು ಅಧಿಕಾರಿ ಯಾರು? ಪ್ರಯೋಜನವನ್ನು ಮೊದಲೇ ತಿಳಿದು ಬಂದವನೋ, ಏನೂ ತಿಳಿಯದೆ ಸುಮ್ಮನೆ ಬಂದವನೋ?

ಚೀಟಿಯ ಪಕ್ಷವನ್ನು ಹಿಡಿದವರ ವಾದವು ದುರ್ಬಲವಾದುದಲ್ಲ. ಸ್ಟಡಿ ಹಾಲಿನಲ್ಲಿ ನೂರು ಮಂದಿಯೂ ಗ್ರಂಥಾಲಯದಲ್ಲಿ ನಲವತ್ತು ಕುರ್ಚಿಗಳೂ ಇವೆಯೆಂದಿಟ್ಟುಕೊಂಡರೆ, ಬಂದವರನ್ನೆಲ್ಲ ಒಳಗೆ ಬಿಡುವುದು ಸಾಧ್ಯವಿಲ್ಲ. ಇತಿಹಾಸದ ಪ್ರಬಂಧಕ್ಕಾಗಿ ವಿಶ್ವಕೋಶವನ್ನು ತೆರೆದು ಕುಳಿತ ಹುಡುಗಿಯ ಪಕ್ಕದಲ್ಲಿ ಇಬ್ಬರು ಪಿಸುಮಾತಾಡುತ್ತ ನಗುತ್ತಿದ್ದರೆ ಆಕೆಯ ಓದು ಕೆಡುವುದು. ಅಲ್ಲದೆ ಮಕ್ಕಳು ಯಾವ ಹೊತ್ತಿನಲ್ಲಿ ಎಲ್ಲಿರುವರೆಂಬುದಕ್ಕೆ ಶಾಲೆಯು ತಂದೆತಾಯಿಗಳಿಗೆ ಉತ್ತರ ಹೇಳಬೇಕಾದುದು. ಗ್ರಂಥಾಲಯವು ಹರಟೆಯ ಜಗಲಿಯಾದರೆ ಓದುವವನಿಗೆ ಅನ್ಯಾಯವಾಗುವುದೆಂಬುದು ನಿರ್ವಿವಾದ.

ಈ ಕಷ್ಟವು ಹೊಸದಲ್ಲ. ೧೯೦೦ನೆಯ ಇಸವಿಯಲ್ಲಿ ಬ್ರೂಕ್ಲಿನ್ ನಗರಭಾಗದ ಎರಾಸ್ಮಸ್ ಹಾಲ್ ಹೈಸ್ಕೂಲಿನಲ್ಲಿ ಮೇರಿ ಕಿಂಗ್ಸ್‌ಬರಿ ಎಂಬಾಕೆ ಗ್ರಂಥಪಾಲಕಿಯಾಗಿ ನೇಮಕಗೊಂಡಳು. ಗ್ರಂಥಾಲಯ ವಿದ್ಯೆಯಲ್ಲಿ ಶಿಕ್ಷಣ ಪಡೆದು ಹೈಸ್ಕೂಲಿನಲ್ಲಿ ಆ ಹುದ್ದೆಗೆ ಬಂದವರಲ್ಲಿ ಮೊದಲಿಗಳೆಂದು ಆಕೆಯನ್ನು ಹೇಳುವುದುಂಟು. ಅನಂತರದ ದಶಕಗಳಲ್ಲಿ ಸ್ಟಡಿ ಹಾಲನ್ನೂ ಗ್ರಂಥಾಲಯವನ್ನೂ ಒಂದೇ ಕೊಠಡಿಯಾಗಿ ಮಾಡಬಹುದೆ ಎಂಬ ಚರ್ಚೆಯು ಅಲ್ಲಿನ ಗ್ರಂಥಪಾಲಕರಲ್ಲಿ ನಡೆಯಿತು. ಎಲ್ಲ ಮಕ್ಕಳೂ ಪುಸ್ತಕಗಳ ನಡುವೆ ಕುಳಿತಂತಾಗುವುದೆಂದು ಕೆಲವರು ಒಪ್ಪಿದರು. ಗ್ರಂಥಪಾಲಕನು ಕೇವಲ ಕಾವಲುಗಾರನಾಗುವನೆಂದು ಕೆಲವರು ವಿರೋಧಿಸಿದರು. ಎರಡರಲ್ಲಿಯೂ ಸತ್ಯವುಂಟು.

ಹೀಗಿದ್ದರೂ "ಏತಕ್ಕಾಗಿ ಬಂದೆ?" ಎಂಬ ಪ್ರಶ್ನೆಯಲ್ಲಿ ಒಂದು ತರ್ಕದೋಷವಿದೆ. ಪುಸ್ತಕದಲ್ಲಿ ಆಸಕ್ತಿಯಿದ್ದವನಿಗೆ ಮಾತ್ರ ಪ್ರವೇಶವೆಂದರೆ, ಆಸಕ್ತಿಯು ಹುಟ್ಟುವುದಾದರೂ ಎಲ್ಲಿ? ಪ್ರವೇಶಕ್ಕೆ ಆಸಕ್ತಿಯು ಬೇಕು, ಆಸಕ್ತಿಗೆ ಪ್ರವೇಶವು ಬೇಕು. ನೈಯಾಯಿಕರು ಇದನ್ನೇ ಅನ್ಯೋನ್ಯಾಶ್ರಯವೆಂದು ಕರೆದರು. ಮನೆಯಲ್ಲಿ ತಂದೆತಾಯಿಗಳ ಪುಸ್ತಕಗಳನ್ನು ನೋಡಿ ಬೆಳೆದ ಮಗುವಿಗೆ ಈ ದೋಷವು ತಟ್ಟುವುದಿಲ್ಲ. ಅದರ ಆಸಕ್ತಿಯು ಶಾಲೆಗೆ ಬರುವ ಮೊದಲೇ ಹುಟ್ಟಿರುತ್ತದೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗಾದರೋ ಶಾಲೆಯ ಗ್ರಂಥಾಲಯವೇ ಮೊದಲನೆಯ ಬಾಗಿಲು. ಅದಕ್ಕೆ ಕಾರಣವನ್ನು ಬರೆಯಿಸಿಕೊಂಡು ಬರಲು ತಿಳಿಯದು, ಏಕೆಂದರೆ ಅದಕ್ಕೆ ಇನ್ನೂ ಕಾರಣವಿಲ್ಲ. ಹೀಗೆ ಎಲ್ಲರಿಗೂ ಸಮನಾಗಿ ತೋರುವ ನಿಯಮವು ಯಾರಿಗೆ ಗ್ರಂಥಾಲಯವು ಅತ್ಯಂತ ಅಗತ್ಯವೋ ಅವರನ್ನೇ ಹೊರಗೆ ನಿಲ್ಲಿಸುವುದು.

೧೯೩೧ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ ರಂಗನಾಥನ್ ಅವರು ಓದುಗನಿಗೆ ಪುಸ್ತಕವು ದೊರೆಯಬೇಕೆಂದಷ್ಟೇ ಹೇಳಲಿಲ್ಲ. ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆಂದು ಬೇರೆಯಾಗಿ ಹೇಳಿದರು. ಕಪಾಟುಗಳನ್ನು ತೆರೆದಿಟ್ಟು ಓದುಗರನ್ನು ಅವುಗಳ ನಡುವೆ ತಿರುಗಾಡಗೊಡಿಸಬೇಕೆಂಬ ಅವರ ಆಗ್ರಹವು ಈ ಸೂತ್ರದಿಂದಲೇ ಬಂದಿತು. ಬೆಂಗಳೂರಿನಲ್ಲಿ ನೆಲಸಿ ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹನೀಯರು ಮೊದಲು ಗಣಿತದ ಅಧ್ಯಾಪಕರಾಗಿದ್ದವರು. ಹುಡುಕದೆ ಸಿಕ್ಕಿದ ಪುಸ್ತಕದ ಬೆಲೆಯನ್ನು ಅವರು ಬಲ್ಲವರಾಗಿದ್ದರು. ಸ್ಟಡಿ ಹಾಲಿನ ಬೇಸರವನ್ನು ತಾಳಲಾರದೆ ಬಂದ ಹುಡುಗನು ಒಂದು ದಿನ ಹಡಗಿನ ಚಿತ್ರಗಳನ್ನು ಮಗುಚಿ ಹಾಕುವನು. ಮತ್ತೊಂದು ದಿನ ಚಿತ್ರದ ಕೆಳಗಿನ ಸಾಲನ್ನು ಓದುವನು. ಬೇರೊಂದು ದಿನ, ಇಂಥದೇ ಇನ್ನೊಂದು ಪುಸ್ತಕವುಂಟೆ ಎಂದು ಕೇಳಲೂಬಹುದು. ಕೇಳದೆಯೇ ಹೋಗಲೂಬಹುದು. ಹತ್ತರಲ್ಲಿ ಒಂಬತ್ತು ಮಂದಿ ಹಾಗೆಯೇ ಹೋದರೂ ಹತ್ತನೆಯವನು ಯಾರೆಂಬುದನ್ನು ಬಾಗಿಲಲ್ಲಿ ನಿಂತು ಹೇಳಬಲ್ಲವರಾರು?

ಹಾಗಾದರೆ ಚೀಟಿಯನ್ನೇ ಕಿತ್ತೊಗೆಯಬೇಕೆ? ಬೇಡ. ಒಂದೇ ಚೀಟಿಯಲ್ಲಿ ಎರಡು ಕಾರ್ಯಗಳು ಬೆರೆತಿವೆ. ಅವನ್ನು ಬೇರ್ಪಡಿಸುವುದು ವಿವೇಕ. ಮಗುವು ಎಲ್ಲಿದೆಯೆಂದು ತಿಳಿಸುವುದು ಒಂದು. ಅದು ಯೋಗ್ಯವೇ ಎಂದು ಪರೀಕ್ಷಿಸುವುದು ಇನ್ನೊಂದು. ಮೊದಲನೆಯದು ಶಾಲೆಯ ಕರ್ತವ್ಯ. ಎರಡನೆಯದು ಬಾಗಿಲಿಗೆ ಸಲ್ಲದ ಅಧಿಕಾರ. ಉಪಾಧ್ಯಾಯರು ಕೊಟ್ಟ ಕೆಲಸಕ್ಕಾಗಿ ಬರುವವರಿಗೆ ಕೆಲವು ಕುರ್ಚಿಗಳನ್ನು ಮೀಸಲಿಟ್ಟು ಉಳಿದವನ್ನು ಸರದಿಯ ಮೇಲೆ ಕೊಡಬಹುದು. ನಿನ್ನೆ ಬಂದವನು ಇಂದು ಬಾರದವನಿಗೆ ಸ್ಥಳವನ್ನು ಬಿಡಲಿ. ಕುರ್ಚಿಯಿಲ್ಲವೆಂದು ಹಿಂದಿರುಗಿದ ಮಗುವಿಗೆ ನಿರಾಶೆಯಾಗುವುದೇ ಹೊರತು ಅವಮಾನವಾಗುವುದಿಲ್ಲ. ನೀನು ತಕ್ಕವನಲ್ಲವೆಂದು ಹಿಂದಿರುಗಿಸಿದ ಮಗುವು ಆ ಮಾತನ್ನು ನಂಬಿಬಿಡುವುದು. ಗದ್ದಲ ಮಾಡಿದವನನ್ನು ಆ ದಿನಕ್ಕೆ ಹೊರಗೆ ಕಳುಹಿಸುವುದು ನ್ಯಾಯವೇ, ಏಕೆಂದರೆ ಅದು ನಡತೆಗೆ ಕೊಟ್ಟ ಶಿಕ್ಷೆ. ಆದರೆ ಮರುದಿನ ಸರದಿಯಲ್ಲಿ ಅವನ ಹೆಸರು ಮತ್ತೆ ಇರಬೇಕು.

ಇದರಿಂದ ಗ್ರಂಥಪಾಲಕನ ಶ್ರಮವು ಹೆಚ್ಚುವುದು ನಿಜ. ಚೀಟಿಯನ್ನು ಓದುವುದಕ್ಕಿಂತ ಮಗುವಿನ ಮುಖವನ್ನು ಓದುವುದು ಕಷ್ಟತರವಾದ ಕೆಲಸ. ಆದರೆ ಉಪಾಧ್ಯಾಯನ ಕಾರ್ಯವೆಂದರೆ ಅದೇ ಅಲ್ಲವೆ? ಜಿಜ್ಞಾಸೆಯುಳ್ಳವನು ಅಧಿಕಾರಿಯೆಂಬ ಮಾತು ಶಾಸ್ತ್ರಕ್ಕೆ ತಕ್ಕುದು. ಹದಿನಾಲ್ಕು ವರುಷದ ಮಗುವಿನ ವಿಷಯದಲ್ಲಿ ಆ ಜಿಜ್ಞಾಸೆಗಾಗಿ ಕಾದುಕೊಂಡಿರುವುದೇ ಗ್ರಂಥಾಲಯದ ಧರ್ಮ. ಚೀಟಿಯು ಮಗುವು ಎಲ್ಲಿದೆಯೆಂಬುದನ್ನು ಹೇಳಲಿ. ಏಕೆ ಬಂದಿತೆಂಬುದನ್ನು ಒಳಗಿನ ಪುಸ್ತಕಗಳು ಅದಕ್ಕೆ ನಿಧಾನವಾಗಿ ತಿಳಿಸಲಿ.