ಎಲ್ಲಾ ಕಾಲದಲ್ಲಿ ಸ್ತೋತ್ರ: ಅದು ಸುಳ್ಳಾಗದ ಹಾಗೆ ಹೇಳುವುದು ಹೇಗೆ?

ಪ್ರೈಸ್ ದ ಲಾರ್ಡ್!

ನಾನು ಅಂದ ತಕ್ಷಣ ನೀವೂ ಅಂದ್ರಿ. ಯೋಚನೆ ಮಾಡಿ ಅಂದ್ರಾ, ಬಾಯಿಗೆ ರೂಢಿಯಾಗಿ ಅಂದ್ರಾ? ತಪ್ಪು ಹುಡುಕೋಕೆ ಕೇಳ್ತಿಲ್ಲ, ನನ್ನದೂ ಅದೇ ಕಥೆ. ಬೈಕ್ ಸ್ಟಾರ್ಟ್ ಆಗದೆ ಅರ್ಧ ದಾರಿ ತಳ್ಳಿಕೊಂಡು, ಮನೆಯಲ್ಲಿ ಜಗಳ ಆಡಿ, ಮುಖ ಊದಿಸಿಕೊಂಡು ಸಭೆಗೆ ಬಂದ ದಿನವೂ ಗೇಟಿನ ಹತ್ತಿರ ಯಾರಾದರೂ "ಹೇಗಿದ್ದೀರಾ ಬ್ರದರ್" ಅಂದ್ರೆ "ದೇವರ ಕೃಪೆ, ಸ್ತೋತ್ರ" ಅಂತ ನಗುತ್ತಾ ಹೇಳಿಬಿಡ್ತೀನಿ.

ಇವತ್ತು ಮಾತಾಡಬೇಕು ಅಂತಿರೋದು ಇದರ ಬಗ್ಗೆಯೇ. ಎಡೆಬಿಡದೆ ದೇವರನ್ನು ಸ್ತುತಿಸಬೇಕು ಅಂತ ವಾಕ್ಯ ಹೇಳುತ್ತೆ. ಅದರಲ್ಲಿ ಸಂದೇಹ ಇಲ್ಲ. ಆದರೆ ಹೃದಯ ಒಡೆದಿರುವಾಗ ಬಾಯಲ್ಲಿ ಸ್ತೋತ್ರ ಅಂದರೆ ಅದು ಆರಾಧನೆಯೋ, ಸುಳ್ಳೋ? ನಿಮ್ಮಲ್ಲಿ ಎಷ್ಟೋ ಜನ ಈ ಪ್ರಶ್ನೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೀರಿ ಅಂತ ನನಗೆ ಗೊತ್ತು. ನಾನು ಇದನ್ನು ಬೈಬಲ್ ಕಾಲೇಜಿನಲ್ಲಿ ಕಲಿಯಲಿಲ್ಲ. ಒಬ್ಬ ಸಹೋದರಿಗೆ ನೋವು ಕೊಟ್ಟು ಕಲಿತೆ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಸೆಲ್ ಗ್ರೂಪಿನ ಆ ತಂಗಿಗೆ ಐದನೇ ತಿಂಗಳಲ್ಲಿ ಮಗು ಹೋಯಿತು. ಎರಡನೇ ದಿನ ಸಂಜೆ ನಾನು ಮನೆಗೆ ಹೋದೆ. ಡಿಪ್ಲೊಮಾ ಮುಗಿಸಿ ಬಂದ ಹೊಸತು, ಕೈಯಲ್ಲಿ ಬೈಬಲ್, ಬಾಯಲ್ಲಿ ಎಲ್ಲದಕ್ಕೂ ಉತ್ತರ. 1 ಥೆಸಲೊನೀಕ 5:18 ತೆಗೆದು ಓದಿದೆ. "ಇದಕ್ಕೂ ದೇವರಿಗೆ ಸ್ತೋತ್ರ ಹೇಳಮ್ಮ, ಬಿಡುಗಡೆ ಬರುತ್ತೆ" ಅಂದೆ. ಅವಳು ಗೋಡೆ ನೋಡ್ತಾ ಕೂತಿದ್ದಳು. ನಾನು ಮತ್ತೆ ಹೇಳಿದೆ. ಕೊನೆಗೆ ಸಣ್ಣ ದನಿಯಲ್ಲಿ "ಸ್ತೋತ್ರ" ಅಂದಳು. ನಾನು ಜಯ ಸಿಕ್ಕಿತು ಅಂದುಕೊಂಡು, ಪ್ರಾರ್ಥನೆ ಮಾಡಿ, ಅವರು ಕೊಟ್ಟ ಟೀ ಕುಡಿದು ಬಂದೆ. ಆಮೇಲೆ ಎಂಟು ತಿಂಗಳು ಅವಳು ಸಭೆಯ ಕಡೆ ಬರಲಿಲ್ಲ.

ತಿರುಗಿ ಬಂದಾಗ ಒಂದು ಮಾತು ಹೇಳಿದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳ್ತಿದ್ದೀನಿ. "ಪಾಸ್ಟರ್, ಅವತ್ತು ನೀವು ಹೇಳಿಸಿದ ಸ್ತೋತ್ರ ನಂದಲ್ಲ, ನಿಮ್ದು. ನಿಮಗೆ ಭಯ ಆಗಿತ್ತು, ಅದಕ್ಕೆ ನನ್ನ ಹತ್ರ ಹೇಳಿಸಿದ್ರಿ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಅದು ನಿಜ. ಅವಳ ದುಃಖದ ಮುಂದೆ ಏನೂ ಹೇಳದೆ ಕೂತಿರೋಕೆ ನನಗೆ ಧೈರ್ಯ ಇರಲಿಲ್ಲ.

ಹಾಗಾದರೆ ಆ ವಾಕ್ಯ ಏನು ಹೇಳುತ್ತೆ? ಗ್ರೀಕ್ ಭಾಷೆಯಲ್ಲಿ ನಾನು ಪಾಸಾದದ್ದೇ ದೇವರ ಕೃಪೆ, ಆದರೂ ಇಷ್ಟು ನೆನಪಿದೆ: ಥೆಸಲೊನೀಕದವರಿಗೆ ಪೌಲನು ಬರೆದದ್ದು ಎಲ್ಲದರ 'ಒಳಗೆ' ಇದ್ದುಕೊಂಡು ಕೃತಜ್ಞತೆ ಹೇಳಿರಿ ಎಂದು. ಎಂಥಾ ಸ್ಥಿತಿಯಲ್ಲಿದ್ದರೂ, ಅಲ್ಲಿಂದಲೇ. ಇಲ್ಲಿ ಚುರುಕಾಗಿರೋ ಯಾರಾದರೂ ಕೇಳ್ತೀರಿ, "ಎಫೆಸ 5:20ರಲ್ಲಿ ಎಲ್ಲದಕ್ಕಾಗಿ ಅಂತ ಇದೆಯಲ್ಲ ಬ್ರದರ್?" ಇದೆ. ಅದನ್ನು ಮುಚ್ಚಿಡೋದಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಒಂಬತ್ತು ವಚನ ಹಿಂದೆ ಹೋಗಿ. ಕತ್ತಲೆಯ ಕೆಲಸಗಳಲ್ಲಿ ಪಾಲು ತಗೋಬೇಡಿ, ಅವನ್ನು ಬಯಲಿಗೆ ತನ್ನಿ ಅಂತ ಪೌಲನೇ ಬರೆದಿದ್ದಾನೆ. ಮೇಲಿನ ಸಾಲಿನಲ್ಲಿ ಬಯಲಿಗೆಳೆಯಿರಿ ಅಂದ ಅದೇ ಪಾಪಕ್ಕೆ ಕೆಳಗಿನ ಸಾಲಿನಲ್ಲಿ ಥ್ಯಾಂಕ್ಸ್ ಹೇಳಿ ಅನ್ನುವಷ್ಟು ಮರೆವಿನ ಮನುಷ್ಯ ಅಲ್ಲ ಅವನು.

ಈಗ ದಾವೀದನ ಹತ್ತಿರ ಹೋಗೋಣ. ಎಲ್ಲಾ ಕಾಲದಲ್ಲಿ ಯೆಹೋವನನ್ನು ಕೊಂಡಾಡುತ್ತೇನೆ ಅನ್ನುವ 34ನೇ ಕೀರ್ತನೆ ನಮಗೆಲ್ಲ ಬಾಯಿಪಾಠ. ಸ್ಟೇಟಸ್‌ನಲ್ಲಿ ಹಾಕ್ತೀವಿ, ಹಿಂದೆ ಸೂರ್ಯೋದಯದ ಫೋಟೊ. ಆದರೆ ಆ ಕೀರ್ತನೆಯ ತಲೆಬರಹ ಓದಿದ್ದೀರಾ? ದಾವೀದನು ಹುಚ್ಚನಂತೆ ನಟಿಸಿ ಓಡಿಸಲ್ಪಟ್ಟ ಕಾಲದ್ದು ಅಂತ ಅಲ್ಲಿದೆ. 1 ಸಮುವೇಲ 21ರಲ್ಲಿ ಆ ಘಟನೆ ಇದೆ. ಸೌಲನಿಂದ ತಪ್ಪಿಸಿಕೊಂಡು ಶತ್ರುಗಳ ಊರಾದ ಗತ್‌ಗೆ ಹೋಗಿ, ಅಲ್ಲಿ ಗುರುತು ಸಿಕ್ಕಿ, ಪ್ರಾಣಭಯದಿಂದ ಬಾಗಿಲ ಮೇಲೆ ಗೀಚುತ್ತಾ, ಗಡ್ಡದ ಮೇಲೆ ಜೊಲ್ಲು ಸುರಿಸುತ್ತಾ ನಿಂತ ಮನುಷ್ಯ. ಮಾನ ಮರ್ಯಾದೆ ಎಲ್ಲ ಹೋದ ದಿನಕ್ಕೆ ಆ ಹಾಡನ್ನು ಜೋಡಿಸಿದ್ದಾರೆ. ಸೂರ್ಯೋದಯದ ಫೋಟೊ ತೆಗೆದು ಜೊಲ್ಲು ಸುರಿಸುವ ದಾವೀದನ ಚಿತ್ರ ಹಾಕಿದರೆ ಎಷ್ಟು ಲೈಕ್ ಬರುತ್ತೋ ಗೊತ್ತಿಲ್ಲ.

ಕೀರ್ತನೆಗಳ ಪುಸ್ತಕಕ್ಕೆ ಇಬ್ರಿಯ ಭಾಷೆಯಲ್ಲಿ ಇರುವ ಹೆಸರು ತೆಹಿಲ್ಲೀಮ್, ಅಂದರೆ ಸ್ತುತಿಗಳು. ಆದರೆ ಒಳಗೆ ಹೋದರೆ ಎಷ್ಟೊಂದು ಅಳು! ಎಲ್ಲಿಯವರೆಗೆ ಕರ್ತನೇ, ಯಾಕೆ ಮುಖ ಮುಚ್ಚಿಕೊಂಡೆ ಅನ್ನುವ ಪ್ರಶ್ನೆಗಳು. ಅಂಥ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೇದು ತಿರುಗುವುದೇ ಇಲ್ಲ. ಹೇಮಾನನ ಹೆಸರಿನಲ್ಲಿರುವ ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತೆ. ಆದರೂ ಅದು ಸ್ತುತಿಗಳ ಪುಸ್ತಕದಲ್ಲೇ ಇದೆ. ಯಾರೂ ಅದನ್ನು ಎತ್ತಿ ಹೊರಗಿಡಲಿಲ್ಲ. ಯಾಕೆ? ಅವನು ಅಳುತ್ತಾ ಇರೋದು ದೇವರ ಮುಂದೆ, ಹಗಲೂ ರಾತ್ರಿ. ದೇವರ ಕಡೆಯಿಂದ ಮುಖ ತಿರುಗಿಸಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು, ಯಾಕೆಂದರೆ ನಾಳೆ ಯಾರಾದರೂ "ಪಾಸ್ಟರೇ ಗೊಣಗಬಹುದು ಅಂದ್ರು" ಅಂತೀರಿ. ಅಳುವುದು ಬೇರೆ, ಗೊಣಗುವುದು ಬೇರೆ. ಅರಣ್ಯದಲ್ಲಿ ಇಸ್ರಾಯೇಲ್ಯರು ಏನು ಮಾಡಿದರು ಅಂತ ಧರ್ಮೋಪದೇಶಕಾಂಡ 1:27ರಲ್ಲಿ ಮೋಶೆ ನೆನಪಿಸುತ್ತಾನೆ: ತಮ್ಮ ತಮ್ಮ ಡೇರೆಗಳಲ್ಲಿ ಕೂತು ಗೊಣಗಿದರು. ಡೇರೆಯೊಳಗೆ! ದೇವರ 'ಬಗ್ಗೆ' ಒಬ್ಬರಿಗೊಬ್ಬರು ಮಾತಾಡಿದರು, ದೇವರ 'ಹತ್ತಿರ' ಮಾತಾಡಲಿಲ್ಲ. ಹೇಮಾನನು ಅದಕ್ಕಿಂತ ಕಠಿಣ ಮಾತು ಆಡಿದ್ದಾನೆ, ಆದರೆ ದೇವರಿಗೇ ನೇರವಾಗಿ. ನಮ್ಮ ಕಾಲದ ಡೇರೆ ಅಂದರೆ ವಾಟ್ಸಾಪ್ ಗ್ರೂಪ್. ಅಪ್ರೈಸಲ್ ಮುಗಿದ ದಿನ ಅಲ್ಲಿ ಎರಡು ಗಂಟೆ ಬರೀತೀವಿ, ದೇವರ ಮುಂದೆ ಎರಡು ನಿಮಿಷ ಕೂರೋದಿಲ್ಲ.

ಪ್ರಿಯರೇ, ನನ್ನನ್ನು ತುಂಬ ಹಿಡಿದು ನಿಲ್ಲಿಸಿದ್ದು ನಮ್ಮ ಕರ್ತನ ಆ ಕೊನೆಯ ರಾತ್ರಿ. ಮತ್ತಾಯ 26 ಓದಿ. ಊಟದ ಮೇಜಿನಲ್ಲಿ ಯೇಸು ಪಾತ್ರೆಯನ್ನು ತೆಗೆದುಕೊಂಡು ಸ್ತೋತ್ರ ಮಾಡಿದನು. ಹಿಡಿದುಕೊಡುವವನು ಅದೇ ಮೇಜಿನಲ್ಲಿ ಕೂತು ಉಂಡಿದ್ದ ರಾತ್ರಿ ಅದು. ಊಟ ಮುಗಿಸಿ ಶಿಷ್ಯರ ಜೊತೆ ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದನು. ಆಮೇಲೆ ಗೆತ್ಸೆಮನೆಯಲ್ಲಿ ಬೋರಲು ಬಿದ್ದು ಕೇಳಿದ್ದೇನು? ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರ ಹೋಗಲಿ ಎಂದು. ಒಂದೇ ರಾತ್ರಿ, ಎರಡು ಪಾತ್ರೆ. ಒಂದಕ್ಕೆ ಸ್ತೋತ್ರ, ಇನ್ನೊಂದನ್ನು ತೆಗೆದುಬಿಡು ಎಂಬ ಬೇಡಿಕೆ. ಮಾರನೇ ದಿನ ಶಿಲುಬೆಯ ಮೇಲೆ, ಯಾಕೆ ಕೈಬಿಟ್ಟೆ ಎಂಬ ಕೂಗು. ತಂದೆಯನ್ನು ಸ್ತುತಿಸುವುದನ್ನು ಯೇಸು ನಿಲ್ಲಿಸಿದನು ಅಂತ ಯಾರಾದರೂ ಹೇಳಬಹುದಾ? ದೇವಕುಮಾರನೇ ಬೆವರು ಸುರಿಸಿ ಬೇಡಿಕೊಂಡಿರುವಾಗ, ಆ ತಂಗಿ ಎರಡನೇ ದಿನವೇ ನಗಬೇಕು ಅಂತ ಕೇಳೋಕೆ ನಾನ್ಯಾರು?

ಫಿಲಿಪ್ಪಿಯ ಸೆರೆಮನೆ ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಬಹಳ ಬಳಸುವ ಭಾಗ. ಪೌಲ ಮತ್ತು ಸೀಲ ಮಧ್ಯರಾತ್ರಿಯಲ್ಲಿ ಹಾಡಿದರು, ಭೂಕಂಪ ಆಯಿತು, ಬಾಗಿಲು ತೆರೆಯಿತು, ಹಲ್ಲೆಲೂಯ! ನಾನೂ ಅಲ್ಲಿಗೇ ನಿಲ್ಲಿಸಿ ಎಷ್ಟೋ ಸಲ ಬೋಧಿಸಿದ್ದೀನಿ. ಸ್ತುತಿ ಅಂದರೆ ಬಾಗಿಲು ತೆರೆಯುವ ಬಟನ್ ಅನ್ನೋ ಹಾಗೆ. ಆದರೆ ಬಾಗಿಲು ತೆರೆದ ಮೇಲೆ ಅವರು ಓಡಿಹೋಗಲಿಲ್ಲ, ಅಲ್ಲೇ ಕೂತಿದ್ದರು. ಬೆಳಗಾದ ಮೇಲೆ ಇನ್ನೊಂದು ನಡೆಯಿತು, ಅದನ್ನು ನಾವು ಓದೋದೇ ಇಲ್ಲ. ಅಧಿಕಾರಿಗಳು "ಅವರನ್ನು ಬಿಟ್ಟುಬಿಡಿ" ಅಂತ ಹೇಳಿ ಕಳಿಸಿದಾಗ ಪೌಲನು "ಆಗಲಿ, ಎಲ್ಲಾ ಒಳ್ಳೆಯದಕ್ಕೇ, ಸ್ತೋತ್ರ" ಅಂತ ಎದ್ದು ಹೋಗಲಿಲ್ಲ. ರೋಮ್ ಪೌರರಾದ ನಮ್ಮನ್ನು ವಿಚಾರಣೆ ಇಲ್ಲದೆ ಎಲ್ಲರ ಮುಂದೆ ಹೊಡೆಸಿ, ಈಗ ಗುಟ್ಟಾಗಿ ಕಳಿಸ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಬಂದರು, ಸಮಾಧಾನದ ಮಾತಾಡಿ ಬೇಡಿಕೊಂಡರು. ರಾತ್ರಿ ಹಾಡಿದ ಅದೇ ಬಾಯಿ ಬೆಳಿಗ್ಗೆ ನ್ಯಾಯ ಕೇಳಿತು.

ಆದ್ದರಿಂದ ಗಂಡನ ಕೈಯಲ್ಲಿ ಹೊಡೆತ ತಿನ್ನುವ ಸಹೋದರಿಗೆ "ಸ್ತೋತ್ರ ಹೇಳಿಕೊಂಡು ಸಹಿಸ್ಕೋಮ್ಮ" ಅನ್ನುವುದು ಸುವಾರ್ತೆ ಅಲ್ಲ. ಮೂರು ತಿಂಗಳ ಸಂಬಳ ಕೊಡದೆ ಹೊರಗೆ ಹಾಕಿದ ತಮ್ಮನಿಗೂ ಹಾಗೇ. ಅವನ ಜೊತೆ ಪ್ರಾರ್ಥನೆ ಮಾಡಿ, ಲೇಬರ್ ಆಫೀಸಿಗೂ ಜೊತೆಯಲ್ಲಿ ಹೋಗಿ.

ನೀವು ಕೆಲವರು ಕೋರಿ ಟೆನ್ ಬೂಮ್ ಬಗ್ಗೆ ಕೇಳಿದ್ದೀರಿ. ಹಾಲೆಂಡಿನ ಹಾರ್ಲೆಮ್ ಊರಿನ ಗಡಿಯಾರದ ಅಂಗಡಿಯವರ ಮಗಳು. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕೆ 1944ರಲ್ಲಿ ಇಡೀ ಕುಟುಂಬ ಬಂಧನವಾಯಿತು. ಕೋರಿ ಮತ್ತು ಅಕ್ಕ ಬೆಟ್ಸಿಯನ್ನು ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಮಲಗುವ ಜಾಗದ ತುಂಬ ಚಿಗಟ. ಬೆಟ್ಸಿ ಇದೇ ಥೆಸಲೊನೀಕದ ವಾಕ್ಯ ಹಿಡಿದು ಚಿಗಟಕ್ಕೂ ದೇವರಿಗೆ ವಂದನೆ ಹೇಳಿದಳು. ಇದು ಜಾಸ್ತಿಯಾಯಿತು, ಈ ಸಲ ಅಕ್ಕ ತಪ್ಪು ಅಂತ ಕೋರಿಗೆ ಅನಿಸಿತು. ಆಮೇಲೆ ಗೊತ್ತಾಯಿತು, ಚಿಗಟದ ಭಯಕ್ಕೇ ಕಾವಲಿನವರು ಆ ಕೋಣೆಯೊಳಗೆ ಬರುತ್ತಿರಲಿಲ್ಲ, ಅದಕ್ಕೇ ಅವರು ಬೈಬಲ್ ಓದೋಕೆ ಆಗುತ್ತಿತ್ತು ಅಂತ.

ಎಷ್ಟು ಚೆಂದದ ಸಾಕ್ಷಿ. ಆದರೆ ಪ್ರಸಂಗಿಗಳಾದ ನಾವು ಚಿಗಟದವರೆಗೆ ಹೇಳಿ ನಿಲ್ಲಿಸ್ತೀವಿ. ಅದೇ ವರ್ಷ ಡಿಸೆಂಬರಿನಲ್ಲಿ ಬೆಟ್ಸಿ ಆ ಶಿಬಿರದಲ್ಲೇ ಸತ್ತಳು. ಅವಳ ಸ್ತೋತ್ರ ಅವಳನ್ನು ಹೊರಗೆ ತರಲಿಲ್ಲ. ಇನ್ನೊಂದು ಗಮನಿಸಿ: ಚಿಗಟಕ್ಕೆ ಸ್ತೋತ್ರ ಹೇಳು ಅಂತ ಬೆಟ್ಸಿಗೆ ಹೊರಗಿನಿಂದ ಟೀ ಕುಡಿದು ಬಂದ ಪಾಸ್ಟರ್ ಯಾರೂ ಹೇಳಲಿಲ್ಲ. ಅವಳನ್ನೂ ಅದೇ ಚಿಗಟ ಕಚ್ಚುತ್ತಿತ್ತು. ಅಲ್ಲಿ ಇದ್ದುಕೊಂಡು ಅವಳೇ ಹೇಳಿದಳು. ಇಬ್ರಿಯ 13:15ರಲ್ಲಿ ಸ್ತೋತ್ರವನ್ನು ಯಜ್ಞ ಅಂತ ಕರೆದಿದೆ. ಯಜ್ಞ ಅಂದರೆ ನನ್ನ ಹಟ್ಟಿಯ ಕುರಿ ತರಬೇಕು. ಪಕ್ಕದವನ ಹಟ್ಟಿಯ ಕುರಿ ಎಳೆದು ತಂದು ಬಲಿಪೀಠದ ಮೇಲೆ ಇಟ್ಟರೆ ಅದಕ್ಕೆ ಕಳ್ಳತನ ಅಂತಾರೆ. ನಾನು ಆ ಮನೆಯಲ್ಲಿ ಮಾಡಿದ್ದು ಅದನ್ನೇ.

ಹಾಗಂತ ಮನಸ್ಸಿಗೆ ಬಂದಾಗ ಮಾತ್ರ ಸ್ತುತಿಸೋದಾ? ನಿಮ್ಮ ವಯಸ್ಸಿನವರಿಗೆ ಈ ಮಾತು ಇಷ್ಟ, "ಫೀಲ್ ಆದ್ರೆ ಹಾಡ್ತೀನಿ ಬ್ರದರ್, ಇಲ್ಲಾಂದ್ರೆ ಅದು ನಾಟಕ." ನಾನು ಒಪ್ಪಲ್ಲ. 103ನೇ ಕೀರ್ತನೆಯಲ್ಲಿ ದಾವೀದ ತನ್ನ ಮನಸ್ಸಿಗೇ ಅಪ್ಪಣೆ ಕೊಡ್ತಾನೆ, ಉಪಕಾರಗಳನ್ನು ಮರೀಬೇಡ ಅಂತ. ಮರೆವು ಇರೋದಕ್ಕೇ ತಾನೆ ಹೇಳಬೇಕಾಗಿ ಬಂದದ್ದು.

ನಮ್ಮಮ್ಮನ ವಿಷಯ ಹೇಳ್ತೀನಿ. ನಮ್ಮಮ್ಮನಿಗೆ ಎಲ್ಲದಕ್ಕೂ ಸ್ತೋತ್ರ. ಕರೆಂಟ್ ಬಂದರೆ ಸ್ತೋತ್ರ, ಗ್ಯಾಸ್ ಸಿಲಿಂಡರ್ ಬಂದರೆ ಸ್ತೋತ್ರ, ದಿನ ಬಿಟ್ಟು ದಿನ ಕಾವೇರಿ ನೀರು ಬಂದಾಗ ನಲ್ಲಿಯಲ್ಲಿ ಮೊದಲು ಸುಯ್ ಅಂತ ಗಾಳಿ ಬರುತ್ತಲ್ಲ, ಆ ಗಾಳಿಗೇ ಸ್ತೋತ್ರ ಅಂದುಬಿಡೋರು. ಕಾಲೇಜಿನ ದಿನಗಳಲ್ಲಿ ಫ್ರೆಂಡ್ಸ್ ಮುಂದೆ ನನಗೆ ನಾಚಿಕೆ ಆಗ್ತಿತ್ತು. ಅಪ್ಪ ತೀರಿಕೊಂಡಾಗ ಆ ಮಾತು ನಿಂತಿತು. ಪ್ರಾರ್ಥನೆಗೆ ಕೂರೋರು, ಅಳೋರು, ಅಪ್ಪನ ಹೆಸರು ಹಿಡಿದು ದೇವರನ್ನು ಏನೋ ಕೇಳೋರು, ಆದರೆ ಸ್ತೋತ್ರ ಇಲ್ಲ. ನಾವು ಮಕ್ಕಳು ಯಾರೂ ಬಲವಂತ ಮಾಡಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಐದು ಗಂಟೆ ಇರಬೇಕು, ನಾನು ಹಾಲ್‌ನಲ್ಲಿ ಮಲಗಿದ್ದೆ. ನಲ್ಲಿ ಸುಯ್ ಅಂತು. ಅಡುಗೆಮನೆಯಿಂದ ಅಮ್ಮನ ದನಿ, "ಸ್ತೋತ್ರ ತಂದೆ." ಅಷ್ಟೇ. ಬಿಂದಿಗೆ ಇಡುವ ಸದ್ದು. ನಾನು ಹೊದಿಕೆಯೊಳಗೆ ಅತ್ತುಬಿಟ್ಟೆ.

ಅದು ಅಪ್ಪ ಹೋದದ್ದಕ್ಕೆ ಹೇಳಿದ ಸ್ತೋತ್ರ ಅಲ್ಲ. ನೀರಿಗೆ ಹೇಳಿದ್ದು. ಮೂವತ್ತು ವರ್ಷ ಸಣ್ಣ ಸಣ್ಣದಕ್ಕೆ ಹೇಳಿ ಹೇಳಿ ನಾಲಿಗೆಗೆ ದಾರಿ ಗೊತ್ತಿತ್ತು, ಅದಕ್ಕೇ ತಿರುಗಿ ಬರೋಕಾಯಿತು. ನೀವೂ ಅಷ್ಟು ಸಣ್ಣದರಿಂದ ಶುರು ಮಾಡಿ. "ಎಲ್ಲಾ ಆಶೀರ್ವಾದಗಳಿಗಾಗಿ" ಅಂತ ಒಟ್ಟಿಗೆ ಹೇಳಬೇಡಿ, ಹೆಸರು ಹಿಡಿದು ಹೇಳಿ. ಮೆಟ್ರೋದಲ್ಲಿ ಸೀಟ್ ಸಿಕ್ಕಿತಾ, ಹೇಳಿ. ಪೀಜಿಯಲ್ಲಿ ಇವತ್ತು ಸಾರು ಚೆನ್ನಾಗಿತ್ತಾ, ಅದು ನಿಜವಾಗಿಯೂ ಅದ್ಭುತವೇ, ಹೇಳಿ. ಅದೇ ಉಸಿರಿನಲ್ಲಿ, ಕರ್ತನೇ ಈ ಇಎಂಐ ನನ್ನಿಂದ ಆಗ್ತಿಲ್ಲ ಅಂತಲೂ ಹೇಳಿ.

ಈಗ ವರ್ಶಿಪ್ ಟೀಮ್ ಮುಂದೆ ಬರಲಿ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ, ತಮ್ಮ. ಹಾಡೋಕೆ ಆಗುವವರು ಎದ್ದು ನಿಂತು ಹಾಡಿ, ಕೈ ಎತ್ತಿ, ಚಪ್ಪಾಳೆ ತಟ್ಟಿ. ಆಗದವರು ಕೂತಿರಿ, ಅಳಬೇಕಾದರೆ ಅಳಿ. ನಿಮ್ಮ ಪಕ್ಕದವರು ಸುಮ್ಮನೆ ಕೂತಿದ್ದರೆ ಅವರ ಕೈ ಹಿಡಿದು ಎತ್ತಿಸಬೇಡಿ, ಪಕ್ಕದಲ್ಲೇ ಇರಿ. ಆ ತಂಗಿಯೂ ಇವತ್ತು ಇಲ್ಲೇ ಇದ್ದಾಳೆ. ಅವಳ ಮುಂದೆ, ನಿಮ್ಮೆಲ್ಲರ ಮುಂದೆ, ದೇವರ ಮುಂದೆ ನಾನು ಕ್ಷಮೆ ಕೇಳಿ ಪ್ರಾರ್ಥನೆ ಶುರು ಮಾಡ್ತೀನಿ. ಎಲ್ಲರೂ ಕಣ್ಣು ಮುಚ್ಚೋಣ.